ಅತ್ಯಾ ಮಾಫ್ ಮಾಡಲಿಲ್ಲ

ಸಿಟ್ಟು ಬಂದರೆ ಅತ್ಯಾನ ಕಿವಿಗಳು ಕೆಂಪಾಗುತ್ತಿದ್ದವು. ದನಿ ಮಾತ್ರ ಇನ್ನಷ್ಟು ತಗ್ಗುತ್ತಿತ್ತು. ನಮ್ಮಪ್ಪನ ಅಕ್ಕ ಆಕೆ. ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದವಳು, ಗಂಡ ತೀರಿಕೊಂಡ ಮೇಲೆ ಅಲ್ಲಿನ ಕೋಥರೂಡ್ ಬಡಾವಣೆಯ ನಮ್ಮ ಮನೆಯಲ್ಲೇ ಇದ್ದಳು.

ನಾನು ಐದನೇ ತರಗತಿಯಲ್ಲಿದ್ದಾಗ ಶಾಲೆಯ ವ್ಯಾನು ಪಲ್ಟಿಯಾಗಿ ತಲೆಗೆ ಪೆಟ್ಟಾಯಿತು. ಗಾಯ ಮಾಯಿತು. ಆದರೆ ಯಾವ ಕೆಲಸವನ್ನೂ ಎಲ್ಲಿಂದ ಶುರು ಮಾಡಬೇಕು, ಮುಂದೇನು ಮಾಡಬೇಕು ಎಂದು ತಿಳಿಯುತ್ತಿರಲಿಲ್ಲ. ಒಂದು ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಕೂತುಬಿಡುತ್ತಿದ್ದೆ. ಬರುತ್ತಿದ್ದ ಲೆಕ್ಕವನ್ನೂ ನಡುವೆ ಬಿಡುತ್ತಿದ್ದೆ. ಮನಸ್ಸಿಗೆ ಬಂದದ್ದೆಲ್ಲ ತಡೆಯಿಲ್ಲದೆ ಬಾಯಿಗೆ ಬರುತ್ತಿತ್ತು. ಇದು ಮಿದುಳಿಗಾದ ಪೆಟ್ಟಿನ ಪರಿಣಾಮವೆಂದು ಡಾಕ್ಟರು ಹೇಳಿದರೂ ಪ್ರಿನ್ಸಿಪಾಲರು ಒಪ್ಪಲಿಲ್ಲ. ಪಾಲಕರ ಸಭೆಯಲ್ಲಿ ಎಲ್ಲರೆದುರು, "ಈ ಹುಡುಗಿಯದು ಬರೀ ನಾಟಕ" ಅಂದರು. ಮರುವಾರವೇ ನನ್ನನ್ನು ಶಾಲೆಯಿಂದ ತೆಗೆದುಹಾಕಿದರು.

ಬೇರೆ ಶಾಲೆ ಹುಡುಕೋಣವೆಂದರು ಅಪ್ಪ. ಅತ್ಯಾ ಮೆಲ್ಲಗೆ ಅಂದಳು: "ಬ್ಯಾರೆ ಸಾಲಿ ಬ್ಯಾಡ. ಅಂವಾ ಯಾವ ಬಾಯಿಲೆ ನಾಟಕ ಅಂದಾನ, ಅದ ಬಾಯಿಲೆ ತಪ್ಪಾತು ಅನ್ನಬೇಕು."

ನನ್ನನ್ನು ಕರೆದುಕೊಂಡು ಶಿಕ್ಷಣ ಇಲಾಖೆಯ ಕಚೇರಿಗೆ ಅಲೆದಳು. ಮನೆಯಲ್ಲಿದ್ದಾಗ ನನಗೆ ಚಹಾ ಮಾಡಲು ಹಚ್ಚಿ ಪಕ್ಕದಲ್ಲಿ ನಿಲ್ಲುತ್ತಿದ್ದಳು. "ಈಗೇನು? ಅದರ ಮುಂದ ಏನು? ಬಾಯಿಬಿಟ್ಟು ಹೇಳು." ನಾನು ಸಕ್ಕರೆ ಮರೆತರೆ ಸಪ್ಪೆ ಚಹಾವನ್ನೇ ಕುಡಿಯುತ್ತಿದ್ದಳು. ಅತ್ತರೆ ಸಮಾಧಾನ ಮಾಡುತ್ತಿರಲಿಲ್ಲ. "ಅಳೂದು ಆಮ್ಯಾಲೆ. ಮೊದಲ ಅವನ ಸೊಕ್ಕು ಮುರಿಯೂಣು."

ಕಡೆಗೆ ನನ್ನನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಇಲಾಖೆಯ ಆದೇಶ ಬಂತು. ಅಷ್ಟೇ ಸಾಲದೆಂದು ಅತ್ಯಾ ಹಟ ಹಿಡಿದು, ತಪ್ಪೊಪ್ಪಿಕೊಳ್ಳಬೇಕೆಂಬುದನ್ನೂ ಆದೇಶದಲ್ಲಿ ಬರೆಸಿದಳು. ಅದೇ ಪಾಲಕರ ಮುಂದೆ ಪ್ರಿನ್ಸಿಪಾಲರು, ಈ ಮಗುವಿಗೆ ಪೆಟ್ಟಾದದ್ದು ನಮ್ಮ ವ್ಯಾನಿನಲ್ಲೇ, ನಾಟಕವೆಂದದ್ದು ನನ್ನ ತಪ್ಪು ಎಂದು ಹೇಳಬೇಕಾಯಿತು. ಕೊನೆಯ ಮಾತನ್ನು ನುಂಗಿದರು. ಮುಂದಿನ ಸಾಲಿನಲ್ಲಿದ್ದ ಅತ್ಯಾ ಎದ್ದು ನಿಂತು, "ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ" ಎಂದಳು ಮರಾಠಿಯಲ್ಲಿ. ಅವರು ಇನ್ನೊಮ್ಮೆ ಹೇಳಿದರು.

ರಿಕ್ಷಾದಲ್ಲಿ ಬರುವಾಗ ಕೇಳಿದೆ: "ಈಗ ಅವರನ್ನ ಮಾಫ್ ಮಾಡಿದೇನು ಅತ್ಯಾ?"

"ಯಾಕ ಮಾಡ್ಲಿ? ಅಂವಾ ಅಂದಿದ್ದು ಆದೇಶಕ್ಕ ಅಂಜಿ."

ಹೋದ ವರ್ಷ ಅತ್ಯಾ ತೀರಿಕೊಂಡಳು. ನಿವೃತ್ತರಾಗಿ ನಮ್ಮ ಓಣಿಯ ಹತ್ತಿರವೇ ಇರುವ ಆ ಪ್ರಿನ್ಸಿಪಾಲರು ಹಾರ ಹಿಡಿದು ಕೊನೆಯ ದರ್ಶನಕ್ಕೆ ಬಂದರು. ನೆರೆದವರು ದಾರಿ ಬಿಟ್ಟರು. ಬಾಗಿಲಲ್ಲಿ ನಾನಿದ್ದೆ.

"ಒಳಗೆ ಬರಬೇಡಿ" ಅಂದೆ.

ಒಮ್ಮೊಮ್ಮೆ ಈಗಲೂ ನನ್ನ ಬಾಯಿ ಜಾರುತ್ತದೆ. ಆ ಮಾತು ಜಾರಿದ್ದಲ್ಲ. ಅವರು ಮೆಟ್ಟಿಲು ಹತ್ತುವುದನ್ನು ನೋಡುತ್ತಲೇ, ಏನು ಹೇಳಬೇಕು, ಹೇಳಿ ಏನು ಮಾಡಬೇಕು ಎಂದು ಯೋಚಿಸಿಕೊಂಡಿದ್ದೆ. ಹೇಳಿದೆ. ಬಾಗಿಲು ಮುಚ್ಚಿದೆ.