ಬಹೀಜಾಳ ಆರು ದಿನ

ಮಹದಿಯಾ ಬಂದರಿನ ಹಿಂದಿರುವ ಮೀನು ಡಬ್ಬಿ ಕಾರ್ಖಾನೆಯಲ್ಲಿ ಬಹೀಜಾ ಕೆಲಸಕ್ಕೆ ಸೇರಿ ಮೂವತ್ತಾರು ವರ್ಷವಾಗಿತ್ತು, ಕಾರ್ಮಿಕ ಸಂಘದ ಪ್ರತಿನಿಧಿಯಾಗಿ ಇಪ್ಪತ್ತು. ತಾನು ಮದುವೆಯಾಗದೆ ಎಷ್ಟು ಹುಡುಗಿಯರಿಗೆ ಮದುವೆ ರಜೆ ಕೊಡಿಸಿದ್ದಳೋ ಲೆಕ್ಕವಿಲ್ಲ. ತನಗೆ ಮಕ್ಕಳಿರಲಿಲ್ಲ, ಆದರೂ ಬಾಣಂತಿಯರಿಗೆ ದಿನಕ್ಕೊಂದು ಗಂಟೆ ಹಾಲುಣಿಸುವ ಬಿಡುವು ಸಿಕ್ಕಿದ್ದು ಅವಳ ಬಾಯಿಂದಲೇ. ಈದ್ ಹಬ್ಬದ ಕುರಿಗೆ ಕಂಪನಿ ಕೊಡುವ ಹಣ ಸಾಲವಲ್ಲ, ಭತ್ಯೆ ಎಂದು ಬರೆಸಲು ಮೂರು ದಿನ ಕೂತ ಜಾಗದಿಂದ ಅಲುಗಾಡಿರಲಿಲ್ಲ. ಒಪ್ಪಂದದ ಪುಸ್ತಕ ಅವಳಿಗೆ ಬಾಯಿಪಾಠ. ಯಾರಾದರೂ ಬಂದು ಕೇಳಿದರೆ ಬೂತಾಯಿ ಮೀನಿನ ತಲೆ ಚಿವುಟುತ್ತಲೇ ಕಲಮಿನ ನಂಬರು ಹೇಳುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಗೌರವದಿಂದ ಲಲ್ಲಾ, ಅಂದರೆ ಅಕ್ಕಾವ್ರೇ, ಎಂದು ಕರೆಯುತ್ತಿದ್ದರು.

ಸಂಬಳ ಒಂದೇ ಸಾಕು ಅನ್ನುವವರನ್ನು ಕಂಡರೆ ಅವಳಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬರಬೇಕಾದದ್ದೇ ಬಿಡಿ. ಸಂಬಳ ಸಂತೆಯಲ್ಲಿ ಕರಗುತ್ತದೆ, ಆದರೆ ಒಂದು ದಿನದ ರಜೆಯನ್ನು ಯಾವ ತರಕಾರಿಯವನೂ ಕಿತ್ತುಕೊಳ್ಳಲಾರ. ಮದುವೆ ರಜೆಯ ಕಲಮನ್ನೇ ನೋಡಿ. ಮೊದಲು ಅದು ಮೂರೇ ದಿನ ಇತ್ತು. ಹನ್ನೊಂದು ವರ್ಷದ ಹಿಂದೆ ಒಬ್ಬ ಹುಡುಗಿ ಭಾನುವಾರ ಮದುವೆಯಾಗಿ ಗುರುವಾರ ಬೆಳಿಗ್ಗೆ ಮದರಂಗಿ ಕೈಯಲ್ಲೇ ಉಪ್ಪುನೀರಿನ ತೊಟ್ಟಿಯ ಮುಂದೆ ಬಂದು ನಿಂತಳು. ಅಷ್ಟು ಚೆಂದದ ಕೆಂಪು ಕೈಗಳು ಮಧ್ಯಾಹ್ನದೊಳಗೆ ಮೀನಿನ ಕರುಳಲ್ಲಿ ಮುಳುಗಿ ಕಪ್ಪಾದವು. ಹುಡುಗಿ ಅಳುತ್ತಲೇ ಮೀನು ಸೀಳಿದಳು. ಬಹೀಜಾಳ ಪಿತ್ತ ನೆತ್ತಿಗೇರಿತು. ಆ ವರ್ಷದ ಮಾತುಕತೆಯಲ್ಲಿ ಅವಳು ಸಂಬಳಕ್ಕಿಂತ ಮೊದಲು ಎತ್ತಿದ್ದು ಆ ಕೈಗಳ ವಿಷಯವನ್ನೇ. ಮೂರು ಆರಾಯಿತು.

ಅವಳ ಮದುವೆ ಯಾಕಾಗಲಿಲ್ಲ ಎಂದರೆ ದೊಡ್ಡ ಕಥೆಯೇನೂ ಇಲ್ಲ. ಅಪ್ಪ ಬೇಗ ಹೋದ, ತಮ್ಮಂದಿರನ್ನು ದಡ ಹತ್ತಿಸಬೇಕಿತ್ತು. ಹತ್ತಿಸುವ ಹೊತ್ತಿಗೆ ಕೇಳುವವರು ಕೇಳುವುದನ್ನು ಬಿಟ್ಟಿದ್ದರು. ಅವಳೂ ಬೀದಿಯಲ್ಲಿ ನಿಂತು ಕೂಗಲಿಲ್ಲ.

ಐವತ್ತೇಳಕ್ಕೆ ಬಿದ್ದ ಮೇಲೆ ಟಿಜಾನಿ ಬಂದ. ಬಂದರಿನಲ್ಲಿ ಬಲೆ ಹೊಲಿಯುವವನು, ಹೆಂಡತಿ ತೀರಿ ಏಳು ವರ್ಷ, ಮಗಳು ಸೂಸ್ ಪಟ್ಟಣದಲ್ಲಿ ಗಂಡನ ಮನೆಯಲ್ಲಿದ್ದಳು. ಪಿಂಚಣಿ ಕಚೇರಿಯ ಒಂದು ಕಾಗದ ಅರ್ಥವಾಗದೆ, ಬಹೀಜಾಗೆ ಇಂಥದ್ದೆಲ್ಲ ಗೊತ್ತು ಎಂದು ಯಾರೋ ಹೇಳಿದ್ದಕ್ಕೆ ಕಾರ್ಖಾನೆಯ ಗೇಟಿನ ಹತ್ತಿರ ಕಾದು ನಿಂತಿದ್ದ. ಅವಳು ಓದಿ ಹೇಳಿದಳು. ಮುಂದಿನ ವಾರ ಇನ್ನೊಂದು ಕಾಗದ ತಂದ. ಅದರ ಮುಂದಿನ ವಾರ ತಂದದ್ದು ಮೊದಲನೆಯದನ್ನೇ. ನಾಲ್ಕನೇ ಸಲ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ.

"ಕಾಗದ ಎಲ್ಲಾ ಮುಗೀತು ಬಹೀಜಾ," ಅಂದ. "ಇನ್ನು ಏನ್ ನೆಪ ತರ್ಲಿ, ನೀನೇ ಹೇಳು."

ಆ ದಿನ ಅವಳಿಗೆ ನಗು ಬಂತು, ಹೊಟ್ಟೆಯೊಳಗಿಂದ ಬಂತು. ಆಗಸ್ಟ್ ತಿಂಗಳಲ್ಲಿ ಮದುವೆಯೆಂದು ಇಬ್ಬರೇ ಮಾತಾಡಿಕೊಂಡರು. ಬೇರೆ ಯಾರಿಗೂ ಹೇಳಲಿಲ್ಲ, ಯಾಕೆಂದರೆ ನೂರೆಂಬತ್ತು ಹೆಂಗಸರಿರುವ ಕಾರ್ಖಾನೆ ಅದು. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಈಗ ಮುದುಕಿಗೆ ಕಡಲೆ ಬೇಕಂತೆ ಎಂದು ಆಡಿಕೊಳ್ಳುವುದಕ್ಕೆ ಒಂದು ಬಾಯಿ ಸಾಕಿತ್ತು.

ಮೇ ತಿಂಗಳಲ್ಲಿ ಹೊಸ ಒಪ್ಪಂದದ ಮಾತುಕತೆ ಶುರುವಾಯಿತು. ಸಂಬಳದ ಏರಿಕೆ, ಬಸ್ಸಿನ ಭತ್ಯೆ, ಬೂಟು ಎಲ್ಲ ಒಂದೊಂದಾಗಿ ದಾಟಿದವು. ಮೂರನೇ ದಿನ ಮ್ಯಾನೇಜರ್ ಸೀ ಶೆಡ್ಲಿ ಕನ್ನಡಕ ಒರೆಸಿಕೊಂಡು ಮದುವೆ ರಜೆಯ ಕಲಮು ತೆಗೆದ. ಕೆಟ್ಟವನಲ್ಲ, ಆದರೆ ಲೆಕ್ಕದ ಮನುಷ್ಯ. ಈ ಊರಲ್ಲಿ ಎಲ್ಲರೂ ಮದುವೆಯಾಗುವುದು ಬೇಸಿಗೆಯಲ್ಲಿ, ಬೂತಾಯಿ ಬರುವುದೂ ಬೇಸಿಗೆಯಲ್ಲಿ. ಮೀನು ದಡದಲ್ಲಿ ಕೊಳೆಯುವಾಗ ಮದುಮಗಳು ಮನೆಯಲ್ಲಿ ಕೂತಿರುತ್ತಾಳೆ ಎಂದು ಅವನ ತಕರಾರು. ಆರು ದಿನವನ್ನು ಮತ್ತೆ ಮೂರಕ್ಕೆ ಇಳಿಸಿ, ಎಲ್ಲರ ಸಂಬಳಕ್ಕೂ ಇನ್ನರ್ಧ ಶೇಕಡಾ ಸೇರಿಸುತ್ತೇನೆ ಅಂದ.

ಸಂಘದ ಕಡೆಯಿಂದ ಬಹೀಜಾಳ ಪಕ್ಕ ಕೂತಿದ್ದವಳು ಇಬ್ತಿಸಾಮ್. ದೋಣಿಯವನ ಮಗಳು, ಇಪ್ಪತ್ತಾರು ವರ್ಷ, ಹೊಸದಾಗಿ ಆರಿಸಿ ಬಂದವಳು, ಮೆಣಸಿನಕಾಯಿ ನಾಲಿಗೆ. ಹೊರಗೆ ಬಂದ ಮೇಲೆ ಅವಳೇ ತಕ್ಕಡಿ ಹಿಡಿದಳು. ಮದುವೆಯಾಗಬೇಕಾದವರು ವರ್ಷಕ್ಕೆ ಏಳೆಂಟು ಜನ, ಅರ್ಧ ಶೇಕಡಾ ನೂರೆಂಬತ್ತು ಜನಕ್ಕೂ ಸಿಗುತ್ತದೆ, ತಗೊಂಡುಬಿಡೋಣ ಎಂಬುದು ಅವಳ ವಾದ. ಬಹೀಜಾ ಬೇರೆ ದಿನವಾಗಿದ್ದರೆ ಅವಳನ್ನು ಅಲ್ಲೇ ಬೆಂಡೆತ್ತುತ್ತಿದ್ದಳು. ಆ ದಿನ ಚೀಲ ಎತ್ತಿಕೊಂಡು ಮನೆಯ ದಾರಿ ಹಿಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ಅವಳ ಪಾಡು.

ಮನೆಗೆ ನಡೆಯುತ್ತ ಅವಳು ಒಳಗೇ ಬೇಯುತ್ತಿದ್ದಳು. ಆ ಆರು ದಿನಕ್ಕಾಗಿ ಈಗ ಕಾದಾಡಿ, ಆಗಸ್ಟಿನಲ್ಲಿ ತಾನೇ ಮದುಮಗಳಾಗಿ ಕೂತರೆ ಊರು ಏನನ್ನುತ್ತದೆ? ಬಡಿಸುವವಳೇ ತನ್ನ ಎಲೆಗೆ ತುಪ್ಪ ಸುರಿದುಕೊಂಡಳು ಅನ್ನುತ್ತದೆ. ಇಪ್ಪತ್ತು ವರ್ಷದ ಹೆಸರು ಒಂದು ಬೇಸಿಗೆಯಲ್ಲಿ ಹೋಗುತ್ತದೆ. ಬಾಯಿ ಮುಚ್ಚಿಕೊಂಡರೆ ಹುಡುಗಿಯರು ಮತ್ತೆ ಮದರಂಗಿ ಕೈಯನ್ನು ಉಪ್ಪುನೀರಿಗೆ ಅದ್ದಬೇಕು. ಉಳಿದದ್ದು ಒಂದೇ ದಾರಿ. ಅದು ಬೇಡವೆನ್ನಿಸಿದರೂ ಕಾಲು ಬಂದರಿನ ಕಡೆಗೇ ತಿರುಗಿತು.

ಟಿಜಾನಿ ಬಲೆ ಹರಡಿಕೊಂಡು ಕೂತಿದ್ದ. ಮದುವೆ ಬೇಡ, ಬಿಟ್ಟುಬಿಡೋಣ ಎಂದು ನಿಂತಲ್ಲೇ ಹೇಳಿ, ಯಾಕೆಂದೂ ಹೇಳಿದಳು. ಅವನು ಸೂಜಿಯನ್ನು ಬಲೆಗೆ ಚುಚ್ಚಿಟ್ಟ.

"ಬೇಡ ಅಂದ್ರೆ ಬೇಡ, ಬಲವಂತ ಏನಿಲ್ಲ," ಅಂದ. "ಆದ್ರೆ ನಿನಗೆ ಏನೋ ತಪ್ಪು ಮಾಡಿದ ಹಾಗೆ ಯಾಕಾಗಿದೆ ಹೇಳು? ತೂತು ಬಿದ್ದ ಬಲೇನ ಸುತ್ತಿಟ್ರೆ ಹೊಲಿಯೋಕಾಗಲ್ಲ ಕಣೆ. ನಾಲ್ಕು ಜನದ ಮುಂದೆ ಹರಡ್ಬೇಕು. ನೀನು ಹರಡೇ ಇಲ್ವಲ್ಲ."

ಮರುದಿನ ಬೆಳಿಗ್ಗೆ ಸೀ ಶೆಡ್ಲಿ ಆ ಕಲಮು ಓದಿ ಬಹೀಜಾಳ ಮುಖ ನೋಡಿದ. ಎಲ್ಲರೂ ನೋಡಿದರು. ಅವಳು ಎದ್ದು ನಿಂತಳು. ಮಾತಾಡುವಾಗ ಅವಳು ಎಂದೂ ನಿಂತವಳಲ್ಲ.

"ಈ ಕಲಮಿನ ಮೇಲೆ ನಾನು ಮಾತಾಡೋ ಹಾಗಿಲ್ಲ," ಅಂದಳು. "ಇದ್ರಲ್ಲಿ ನನಗೆ ಲಾಭ ಇದೆ. ಆಗಸ್ಟಲ್ಲಿ ಮದುವೆ."

"ಯಾರದ್ದು?" ಎಂದ ಸೀ ಶೆಡ್ಲಿ.

"ಯಾರದ್ದು ಅಂದ್ರೆ? ನಂದೇ."

ಹೇಳಿ ಹೊರಗೆ ಬಂದು ಹಜಾರದ ಬೆಂಚಿನ ಮೇಲೆ ಕೂತಳು. ಒಳಗಿನಿಂದ ಕಿಟಕಿ ತೆಗೆದ ಸದ್ದು, ಇಬ್ತಿಸಾಮ್ ಕೆಳಗೆ ಕೆಲಸ ಮಾಡುತ್ತಿದ್ದವರಿಗೆ ಏನೋ ಕೂಗಿದ ಸದ್ದು. ಅಷ್ಟೇ. ಕೆಳಗಿನಿಂದ ಒಬ್ಬಳು ನಾಲಿಗೆ ಆಡಿಸಿ ಉಲುಲು ಎಂದು ಸಂಭ್ರಮದ ಕೂಗು ಹಾಕಿದಳು, ಅದಕ್ಕೆ ಹತ್ತು ಗಂಟಲು ಸೇರಿದವು, ಆಮೇಲೆ ನೂರು. ಡಬ್ಬಿ ಸಾಗಿಸುವ ಪಟ್ಟಿ ನಿಂತಿತು. ಬಿಳಿ ಟೋಪಿ, ನೀಲಿ ಏಪ್ರನ್ನು, ಮೀನಿನ ಪೊರೆ ಅಂಟಿದ ಕೈಗಳು ಮೆಟ್ಟಿಲ ತುಂಬ ಹತ್ತಿ ಬಂದವು. ಅವಳು ಹೆದರಿದ್ದ ಮಾತೂ ಬಂತು. ಅವಳ ಜೊತೆಗೇ ಕೆಲಸಕ್ಕೆ ಸೇರಿದ್ದ ಹಳೆಯ ಗೆಳತಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೇಳಿಯೇಬಿಟ್ಟಳು.

"ಅಲ್ಲ ಲಲ್ಲಾ, ಹನ್ನೊಂದು ವರ್ಷದ ಹಿಂದೆ ಮೂರನ್ನ ಆರು ಮಾಡ್ಸಿದ್ಯಲ್ಲ, ಇದಕ್ಕೇನಾ? ಎಂಥಾ ಮುಂದಾಲೋಚನೆ ಮಾರಾಯ್ತಿ ನಿಂದು."

ಮೆಟ್ಟಿಲ ತುಂಬ ನಗು ಎದ್ದಿತು. ಬಹೀಜಾಳೂ ನಕ್ಕಳು, ನಗುತ್ತಲೇ ಅತ್ತುಬಿಟ್ಟಳು. ಇಷ್ಟು ದಿನ ಬೆಟ್ಟದಷ್ಟು ಹೆದರಿದ್ದ ಮಾತು ಬಂದು ಹೀಗೆ ತಬ್ಬಿಕೊಳ್ಳುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಒಳಗೆ, ಅರ್ಧ ಶೇಕಡಾ ತಗೊಳ್ಳೋಣ ಅಂದಿದ್ದ ಇಬ್ತಿಸಾಮ್ ಬಹೀಜಾಳ ಸುದ್ದಿ ಕೇಳಿ ಮನಸ್ಸು ಬದಲಿಸಿ, ಗಾಳಿ ಬಂದ ಕಡೆ ತೂರಿಕೊಳ್ಳದೆ ಗಾಳಿಯನ್ನೇ ತಿರುಗಿಸಿದ್ದಳು. ದೋಣಿಯವರು ರಾತ್ರಿ ದೀಪ ಹಚ್ಚಿ ಮೀನು ಕರೆಯುವವರು. ಹುಣ್ಣಿಮೆಯ ಸುತ್ತಮುತ್ತ ಚಂದ್ರನ ಬೆಳಕಿಗೆ ಮೀನು ದೀಪಕ್ಕೆ ಬರುವುದಿಲ್ಲ, ದೋಣಿಗಳು ದಡದಲ್ಲೇ ಇರುತ್ತವೆ. ಆ ದಿನಗಳಲ್ಲಿ ನಮ್ಮನ್ನು ಕರೆಸಿ ಖಾಲಿ ಡಬ್ಬಿ ಒರೆಸುತ್ತೀರಲ್ಲ, ಮದುವೆಯನ್ನು ಆ ವಾರಕ್ಕೇ ಇಟ್ಟುಕೊಂಡರೆ ನಿಮಗೇನು ನಷ್ಟ ಎಂದು ಕೇಳಿದಳಂತೆ. ಸೀ ಶೆಡ್ಲಿ ಕ್ಯಾಲೆಂಡರ್ ತರಿಸಿ ನೋಡಿದ. ಕೆಳಗೆ ಪಟ್ಟಿ ಇನ್ನೂ ನಿಂತೇ ಇತ್ತು. ಆರು ದಿನ ಉಳಿಯಿತು, ಸಾಧ್ಯವಾದಷ್ಟೂ ಹುಣ್ಣಿಮೆ ವಾರದಲ್ಲಿ ಎಂಬ ಒಂದು ಸಾಲಿನೊಂದಿಗೆ. ಅರ್ಧ ಶೇಕಡಾ ಸಿಗಲಿಲ್ಲ, ಕಾಲು ಶೇಕಡಾವನ್ನು ಮಾತ್ರ ಇಬ್ತಿಸಾಮ್ ಉಗುರು ಹಾಕಿ ಕಿತ್ತುಕೊಂಡಳು.

ಆಗಸ್ಟಿನ ಹುಣ್ಣಿಮೆಗೆ ಮದುವೆಯಾಯಿತು. ಹೆಂಗಸರು ಯಾರದೋ ಅಜ್ಜಿಯ ಚಿನ್ನದ ಜರಿಯ ಉಡುಪು ತಂದು, ಬೇಡವೆಂದರೂ ಕೇಳದೆ ಬಹೀಜಾಳಿಗೆ ತೊಡಿಸಿದರು. ಅದರ ಭಾರಕ್ಕೆ ಅವಳು ನೆಟ್ಟಗೆ ನಿಲ್ಲಲಾರದೆ ಕುರ್ಚಿ ಕೇಳಿದಳು. ದೊಡ್ಡ ಪರಾತಗಳಲ್ಲಿ ಮೀನಿನ ಕುಸ್ಕುಸ್ ಬಂತು. ಟಿಜಾನಿಯ ಮಗಳು ಎಲ್ಲರಿಗಿಂತ ಹೆಚ್ಚು ಕುಣಿದಳು.

ಐದನೇ ದಿನ ಬೆಳಿಗ್ಗೆ ಇಬ್ಬರೂ ತಾರಸಿಯ ಮೇಲೆ ಬಿಸಿ ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಾಗ ಫೋನು ಬಂತು. ಸೀ ಶೆಡ್ಲಿ. ಹುಣ್ಣಿಮೆ ಕಳೆದು ದೋಣಿಗಳು ಹೊರಟಿದ್ದವು, ದಣಿವಾರಿಸಿಕೊಂಡ ಸಮುದ್ರ ಬಾಚಿ ಕೊಟ್ಟಿತ್ತು, ದಡದಲ್ಲಿ ಮೀನು ಇಡಲು ಜಾಗವಿಲ್ಲ. ಎರಡು ದಿನವನ್ನು ಆಮೇಲೆ ಯಾವಾಗ ಬೇಕಾದರೂ ತಗೋ, ಬೇಕಾದರೆ ಬರೆದು ಕೊಡುತ್ತೇನೆ, ಲಲ್ಲಾ ನೀನಿಲ್ಲದೆ ಕೈ ಓಡುತ್ತಿಲ್ಲ ಎಂದು ಅವನು ನಿಜವಾಗಿಯೂ ಬೇಡಿಕೊಂಡ.

ಮೂವತ್ತಾರು ವರ್ಷದಲ್ಲಿ ಬಹೀಜಾ ಕರೆದಾಗಲೆಲ್ಲ ಹೋದವಳು. ಜ್ವರದಲ್ಲಿ ಹೋಗಿದ್ದಳು, ಹಬ್ಬದ ಮರುದಿನ ಹೋಗಿದ್ದಳು. ಟಿಜಾನಿಗೂ ಅದು ಗೊತ್ತಿತ್ತು. ಅವನು, ಹಾಕಿಕೊಂಡು ಹೋಗಲೆಂದು ಅವಳ ಚಪ್ಪಲಿಯನ್ನು ಹತ್ತಿರಕ್ಕೆ ಸರಿಸಿಟ್ಟ. ಬಹೀಜಾ ಆ ಚಪ್ಪಲಿಯನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಟ್ಟಳು.

"ಇದು ಐದನೇ ದಿನ, ಸೀ ಶೆಡ್ಲಿ," ಅಂದಳು ಫೋನಿಗೆ. "ನಾಳೆ ಆರನೇದು. ನಾಡಿದ್ದು ಏಳು ಗಂಟೆಗೆ ಬರ್ತೀನಿ."

"ಲಲ್ಲಾ, ಬೇರೆಯವ್ರಿಗೋಸ್ಕರ ಹೇಳೋ ಮಾತನ್ನೇ ಇವತ್ತೂ ಹೇಳ್ತಿದ್ದೀಯಲ್ಲ."

"ಇಲ್ಲಪ್ಪ. ಬೇರೆಯವ್ರಿಗೋಸ್ಕರ ಹೇಳಿದ್ದು ಸಾಕಷ್ಟಾಯ್ತು. ಇದು ನನಗೋಸ್ಕರ."

ಫೋನು ಇಟ್ಟು, ರೊಟ್ಟಿಯನ್ನು ಮುರಿದು ದೊಡ್ಡ ತುಂಡನ್ನು ತನ್ನ ಮುಂದೆ ಇಟ್ಟುಕೊಂಡಳು.