ಮೆಣಸಿನಕಾಯಿ ಹುರಿದ ದಿನದ ಫೋಟೋ

ಆ ಫೋಟೋದಲ್ಲಿ ನಾನು ಅಳುತ್ತಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಏಕೆಂದರೆ ನೋಡಿದವರೆಲ್ಲ ಅಳುತ್ತಿದ್ದೇನೆ ಎಂದೇ ತಿಳಿಯುತ್ತಾರೆ. ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಿದ್ದೇನೆ, ಕೆನ್ನೆ ಒದ್ದೆಯಾಗಿದೆ, ಬಾಯಿ ಅರ್ಧ ತೆರೆದಿದೆ, ಹಿಂದೆ ಹೊಗೆ ಎದ್ದಿದೆ. ಆದರೆ ಅದು ಒಣಮೆಣಸಿನಕಾಯಿ ಹುರಿದ ಹೊಗೆ. ಬಾಯಿ ತೆರೆದಿರುವುದು ನಗು ತಡೆಯಲಾರದೆ. ಫೋಟೋ ತೆಗೆದವರು ನನ್ನ ಗಂಡ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರು ಹೋದ ಮೇಲೆ ನಾನು ಅತ್ತಿದ್ದೇನೆ, ಬೇಕಾದಷ್ಟು. ಅದರ ಫೋಟೋ ಯಾರ ಹತ್ತಿರವೂ ಇಲ್ಲ, ಇರುವುದೂ ಬೇಡ.

ಅವರಿಗೆ ಹನೂರಿನಲ್ಲಿ ಸಣ್ಣ ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಅರ್ಜಿಗೆ ಅಂಟಿಸುವ ಫೋಟೋ. ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೋಗೆ ಬರುವವರು ಕಡಿಮೆಯಾದರು. ಆಗ ಅವರ ಚಿಕ್ಕಪ್ಪನ ಮಗ, ಕೊಳ್ಳೇಗಾಲದಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಮೈದುನ, ಆನ್‌ಲೈನಿನಲ್ಲಿ ಫೋಟೋ ಮಾರುವ ದಾರಿ ತೋರಿಸಿದ. ಅದರಲ್ಲಿ ಫೋಟೋ ಚೆನ್ನಾಗಿದ್ದರೆ ಸಾಲದು, ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ವಿವರಣೆ, ಒಂದಷ್ಟು ಪದ ಬರೆಯಬೇಕು. ಎಲ್ಲೋ ಕುಳಿತ ಯಾರೋ ತಮಗೆ ಬೇಕಾದ್ದನ್ನು ಟೈಪು ಮಾಡಿ ಹುಡುಕುತ್ತಾರೆ. ಅವರ ಪದವೂ ನಮ್ಮ ಪದವೂ ಕೂಡಿದರೆ ಫೋಟೋ ಅವರ ಕಣ್ಣಿಗೆ ಬೀಳುತ್ತದೆ. ಇಲ್ಲದಿದ್ದರೆ ಬಾವಿಗೆ ಬಿದ್ದ ಹಾಗೆ.

ನನ್ನ ಗಂಡನಿಗೆ ಕಣ್ಣಿತ್ತು, ಪದ ಇರಲಿಲ್ಲ. ಯಾವ ಫೋಟೋ ತೋರಿಸಿ ಕೇಳಿದರೂ 'ಚೆನ್ನಾಗದೆ' ಅನ್ನುತ್ತಿದ್ದರು, ಅಷ್ಟೆ. ನಾನು ಕೊಳ್ಳೇಗಾಲದಲ್ಲಿ ಪಿಯುಸಿವರೆಗೆ ಓದಿದವಳು. ಒಂದು ಡಿಕ್ಷನರಿ ಇಟ್ಟುಕೊಂಡು ಬರೆಯುವ ಕೆಲಸ ನನ್ನದಾಯಿತು. ಅದಕ್ಕೆ ಅವರೇ ಒಂದು ಪದ್ಧತಿ ಮಾಡಿದರು. ನಾನು ಕಂಪ್ಯೂಟರಿನ ಮುಂದೆ, ಅವರು ಪಕ್ಕದ ಸ್ಟೂಲಿನ ಮೇಲೆ ಕಣ್ಣು ಮುಚ್ಚಿಕೊಂಡು. ತಾವೇ ತೆಗೆದ ಫೋಟೋವನ್ನು ನೋಡಿಯೇ ಇಲ್ಲದವರಂತೆ ಕೂರುತ್ತಿದ್ದರು. ನಾನು ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಬೇಕು. ಅವರಿಗೆ ಕಂಡರೆ ಸರಿ, ಕಾಣದಿದ್ದರೆ ಮತ್ತೆ ಬರೆಯಬೇಕು.

ಮಧುವನಹಳ್ಳಿಯಲ್ಲಿ ತೆಗೆದ ರೇಷ್ಮೆಯ ಫೋಟೋವೊಂದಕ್ಕೆ ನಾನು 'ರೇಷ್ಮೆ, ಹುಳು, ಬಿದಿರು' ಎಂದು ಬರೆದಿದ್ದೆ.

"ಉಳ ಎಲ್ಲದೆ? ಸೊಪ್ಪಿನ್ ಮೇಲದಾ?" ಎಂದರು, ಕಣ್ಣು ಮುಚ್ಚಿದಂತೆಯೇ.

"ಇಲ್ಲ. ಗೂಡು ಕಟ್ಟಿ ಆಗದೆ. ಬಿದಿರಿನ್ ಚಂದ್ರಿಕೆ ತಟ್ಟೆನ ಬಿಸ್ಲಿಗೆ ಗೋಡೆಗೆ ಒರಗ್ಸವ್ರೆ."

"ಅದ್ನ ಮೊದ್ಲೇ ಏಳ್ಬಾರ್ದಾ? ನಾನು ಇಲ್ಲಿ ಸೊಪ್ಪು ಉಡುಕ್ತಾ ಕುಂತಿವ್ನಿ."

ಹೀಗೆ ಕಲಿತೆ. ಮೊದಲು ಕಾಣುವುದು, ಆಮೇಲೆ ಎಲ್ಲಿ, ಯಾವ ಹೊತ್ತು, ಯಾವ ಬೆಳಕು, ಕೊನೆಗೆ ಅದು ಯಾರಿಗೆ ಬೇಕಾದೀತು. ಬರಿಯ 'ಊಟ' ಎಂದರೆ ಲಕ್ಷ ಊಟಗಳ ನಡುವೆ ನಮ್ಮದು ಕಳೆದುಹೋಗುತ್ತದೆ, 'ರಾಗಿಮುದ್ದೆ' ಎಂದರೆ ಸಿಗುತ್ತದೆ. ಆದರೆ ರಾಗಿಮುದ್ದೆಯ ಹೆಸರೇ ಗೊತ್ತಿಲ್ಲದವನಿಗೆ 'ಊಟ'ವೂ ಬೇಕು. ಅವರದು ಒಂದೇ ಕಟ್ಟುನಿಟ್ಟು: ಫೋಟೋದಲ್ಲಿ ಇಲ್ಲದ್ದನ್ನು ಬರೆಯಕೂಡದು. ಹೊಳೆ ಹುಡುಕಿ ಬಂದವನಿಗೆ ರಾಮಾಪುರದ ಬಸ್ಸು ತೋರಿಸಿದರೆ ಅವನು ಇನ್ನೊಂದು ಸಲ ಬರುವುದಿಲ್ಲ ಎನ್ನುತ್ತಿದ್ದರು.

ಆ ಕಟ್ಟುನಿಟ್ಟು ಬಿಗಿಯಾದದ್ದು ಒಂದು ಎಡವಟ್ಟಿನಿಂದ. ನಮ್ಮ ಕಡೆ ಮಾರ್ನಮಿ ಹಬ್ಬದಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆಎಲೆಯ ಮೇಲೆ ಅವರು ಇಷ್ಟಪಡುತ್ತಿದ್ದ ಅಡುಗೆ, ಪಕ್ಕದಲ್ಲಿ ಹೊಸ ಬಟ್ಟೆ, ಅವರು ಬಿಡಲಾರದೆ ಬಳಸುತ್ತಿದ್ದ ವಸ್ತು. ಎಲ್ಲ ಇಟ್ಟು, ಧೂಪ ಹಾಕಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಜಗಲಿಗೆ ಬಂದು ಕೂರುತ್ತೇವೆ. ಒಳಗೆ ಅವರು ಬಂದು ಉಣ್ಣುವ ಹೊತ್ತು ಅದು, ಜೋರಾಗಿ ಮಾತಾಡುವಂತಿಲ್ಲ. ಆಮೇಲೆ ಹಿರಿಯರೊಬ್ಬರು ಕೆಮ್ಮಿ ಸದ್ದು ಮಾಡಿ ಬಾಗಿಲು ತೆರೆಯುತ್ತಾರೆ. ಆಮೇಲೆ ನಮ್ಮ ಊಟ.

ಒಂದು ವರ್ಷ ಅತ್ತೆ ಇರುವ ಬಂಡಳ್ಳಿಯ ಮನೆಯಲ್ಲಿ ಮಾವನವರಿಗೆ ಇಟ್ಟ ಎಡೆಯ ಫೋಟೋ ತೆಗೆದರು. ಮುದ್ದೆ, ಬಾಡಿನ ಸಾರು, ಅನ್ನ, ವಡೆ, ಎಲೆಯ ಅಂಚಿಗೆ ಮಾವನ ಬೀಡಿ ಕಟ್ಟು, ಬೆಂಕಿಪೊಟ್ಟಣ. ನಾನು ಬರೆದದ್ದು 'ಹಬ್ಬದ ಊಟ, ಬಾಳೆಎಲೆ, ಸಂಭ್ರಮ, ಕುಟುಂಬ'. ನಮಗೆ ಅದು ಹಬ್ಬವೇ ತಾನೆ. ಅವರೂ ಕಣ್ಣು ಮುಚ್ಚಿ ಕೇಳಿ 'ಕಾಣ್ತು' ಅಂದರು. ಫೋಟೋ ಚೆನ್ನಾಗಿ ಹೋಯಿತು. ಒಂದು ದಿನ ಮೈದುನ ತನ್ನ ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದ. ಯಾವುದೋ ದೂರದೂರಿನ ಹೋಟೆಲಿನದು. ಮನೆಮಂದಿಯೆಲ್ಲ ಬಂದು ಉಣ್ಣಿ ಎಂದು ಕರೆಯುತ್ತಿತ್ತು. ಎಲೆ ನಮ್ಮ ಮಾವನದು. ಬೀಡಿ ಕಟ್ಟು ಇದ್ದ ಅಂಚನ್ನು ಕತ್ತರಿಸಿದ್ದರು.

ನಮ್ಮತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಅಲ್ಲಾ ಕಣ್ಲಾ, ಬೀಡಿನೇ ತಗ್ದುಬುಟ್ಟವ್ರಲ್ಲಾ! ನಿಮ್ಮಪ್ಪ ಉಂಡ್ಮೇಲೆ ಯಾನ ಸೇದಾನು?"

ಮೈದುನ ಬಿದ್ದು ಬಿದ್ದು ನಕ್ಕ. ನನ್ನ ಗಂಡ ನಗಲಿಲ್ಲ. ಅಂದೇ ಕೂತು 'ತೀರಿಹೋದ ಹಿರಿಯರಿಗೆ ಇಟ್ಟ ಊಟ' ಎಂದು ನನ್ನ ಕೈಯಿಂದಲೇ ಮೊದಲ ಪದಗಳನ್ನು ಬದಲಾಯಿಸಿದರು. ಆಮೇಲೆ ಆ ಫೋಟೋ ಹೋಗುವುದೇ ನಿಂತಿತು. ಮೈದುನ ಬೈದ. ಇವರು ಹೇಳಿದ್ದು ಇಷ್ಟೇ: "ಓಗ್ಲಿ ಬುಡ್ಲಾ. ಅದು ನಮ್ಮಪ್ಪನ್ ಎಲೆ."

ಮೆಣಸಿನಕಾಯಿ ಹುರಿದದ್ದೂ ಅದೇ ಬಂಡಳ್ಳಿಯ ಹಿತ್ತಿಲಿನಲ್ಲಿ. ಅತ್ತೆ ವರ್ಷಕ್ಕಾಗುವಷ್ಟು ಸಾರಿನ ಪುಡಿಗೆ ಬಾಣಲೆ ಇಟ್ಟಿದ್ದರು, ನಾನು ಕೈಯಾಡಿಸುತ್ತಿದ್ದೆ. ಗಾಟು ಎದ್ದು ಬೀದಿಯ ನಾಯಿಯೂ ಓಡಿಹೋಗಿತ್ತು. ಇವರು ಮಾತ್ರ ಕ್ಯಾಮೆರಾ ಹಿಡಿದು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಒಂದೇ ಸಮ ಸೀನುತ್ತಿದ್ದರು.

"ಫೋಟೋ ಇಡೀತೀಯೋ ಸೀನ್ತೀಯೋ ಒಂದ್ ಮಾಡ್ಲಾ!" ಎಂದರು ಅತ್ತೆ. "ಬಾಣ್ಲಿಗೆ ಸೀನ್ಬುಟ್ರೆ ವರ್ಸೆಲ್ಲಾ ನಿನ್ನ ಸಾರೇಯ ನಮ್ಗೆ!"

"ತಡ್ಕವ್ವಾ, ಬೆಳ್ಕು ಚೆನ್ನಾಗ..." ಅಷ್ಟರಲ್ಲಿ ಇನ್ನೊಂದು ಸೀನು ಬಂದು ಅವರು ಹಿಂದಕ್ಕೆ ಉರುಳಿದರು. ಉರುಳುತ್ತಲೇ ಬೆರಳು ಒತ್ತಿತ್ತು. ನಾನು ಬಳೆಗಳು ಮೊಳಕೈಗೆ ಜಾರುವಂತೆ ಸೆರಗೆತ್ತಿ ಕಣ್ಣೊರೆಸಿಕೊಂಡು ನಗುತ್ತಿದ್ದೆ. ಉಳಿದವೆಲ್ಲ ಮಸುಕಾಗಿದ್ದವು, ಆ ಒಂದು ಮಾತ್ರ ಸ್ಪಷ್ಟವಾಗಿ ಬಂದಿತ್ತು, ಒಂದು ಕಡೆಗೆ ವಾಲಿಕೊಂಡು.

ಅದಕ್ಕೆ ಪದ ಬರೆಯಲು ಕೂತಾಗ ನನಗೆ ಕೈ ಏಳಲಿಲ್ಲ. "ನನ್ನ ನಾನೇ ಎಂಗೆ ಏಳ್ಲಿ? ನೀವೇ ಏಳಿ" ಎಂದೆ. "ನಂಗೆ ಪದ ಬಂದಿದ್ರೆ ನಿನ್ನ ಯಾಕಮ್ಮಿ ಕಾಡ್ತಿದ್ದೆ? ಇರ್ಲಿ, ನಿಂಗೆ ಬಂದಾಗ ಬರಿ" ಎಂದು ಕಣ್ಣು ತೆರೆದು ಎದ್ದುಹೋದರು. ಫೋಟೋ ಹಾಗೇ ಉಳಿಯಿತು.

ಯಳಂದೂರಿನ ಒಂದು ಮದುವೆಗೆ ಹೋದವರು ಧಾರೆಯ ಫೋಟೋ ತೆಗೆದು, ಎದೆ ಉರಿ ಎಂದು ಕುರ್ಚಿಯ ಮೇಲೆ ಕೂತರಂತೆ. ಅಷ್ಟೆ. ಮೊದಲು ಓಡಿಹೋಗಿ ಅವರನ್ನು ಮನೆಗೆ ತಂದವನು ಇದೇ ಮೈದುನ. ಅದನ್ನು ನಾನು ಮರೆತಿಲ್ಲ, ಆದ್ದರಿಂದ ಮುಂದೆ ಹೇಳುವುದರಲ್ಲಿ ಅವನನ್ನು ಕೆಟ್ಟವನೆಂದು ಯಾರೂ ತಿಳಿಯಬಾರದು.

ಸ್ಟುಡಿಯೋ ಖಾಲಿ ಮಾಡಿ ಬಂಡಳ್ಳಿಗೆ ಬಂದೆ. ಕಂಪ್ಯೂಟರ್, ಕ್ಯಾಮೆರಾ ಜೊತೆಗೆ ಬಂದವು. ಅವರು ತೆಗೆದಿಟ್ಟು ಪದ ಬರೆಯದೆ ಬಿಟ್ಟ ಫೋಟೋಗಳು ಇನ್ನೂ ಬೇಕಾದಷ್ಟಿದ್ದವು. ಯಳಂದೂರಿನ ಗದ್ದೆಗಳು, ಕೊಳ್ಳೇಗಾಲದ ರೇಷ್ಮೆಗೂಡಿನ ಬುಟ್ಟಿಗಳು, ಮಳೆ ನಿಂತ ಮೇಲಿನ ಹನೂರಿನ ರಸ್ತೆ. ಒಂದೊಂದಾಗಿ ಬರೆಯತೊಡಗಿದೆ. ಸತ್ತವರ ಫೋಟೋ ಮಾರಿಕೊಂಡು ಕೂತಿದ್ದಾಳೆ ಎಂದು ನಲ್ಲಿಯ ಹತ್ತಿರ ಮಾತಾಯಿತು. ಹೌದು, ಮಾರುತ್ತೇನೆ. ಅವರು ಅದನ್ನು ತೆಗೆದದ್ದು ನಾಲ್ಕು ಜನ ನೋಡಲೆಂದೇ ಹೊರತು ಬೀರುವಿನಲ್ಲಿಡಲೆಂದಲ್ಲ. ಕಷ್ಟವಾದದ್ದು ಆ ಮಾತಲ್ಲ. ಬರೆದದ್ದನ್ನು ಓದಿ ಪಕ್ಕಕ್ಕೆ ತಿರುಗಿದರೆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿಕೊಂಡು ಯಾರೂ ಇರುತ್ತಿರಲಿಲ್ಲ.

ಈ ಸಲದ ಮಾರ್ನಮಿಯಲ್ಲಿ ಮಾವನ ಎಲೆಯ ಪಕ್ಕ ಇವರದೊಂದು ಎಲೆ ಬಂತು. ಏನಿಡಲಿ ಎಂದು ಕೇಳಿದೆ.

"ಅವ್ನ್ ಬೀಡಿ ಸೇದ್ತಿರ್ನಿಲ್ಲ. ಕ್ಯಾಮ್ರಾನೇ ಇಡು" ಎಂದರು ಅತ್ತೆ. ಇಟ್ಟ ಮೇಲೆ ಬಗ್ಗಿ ನೋಡಿ, "ಆ ಮುಚ್ಳ ತಗ್ದಿಡವ್ವಾ. ಮುಚ್ಚಿದ್ರೆ ಅವ್ನಿಗೆ ಆಗಾಕಿಲ್ಲ" ಎಂದರು.

ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತೆವು. ಮೈದುನ ನನ್ನ ಹತ್ತಿರ ಸರಿದು, ಫೋನು ತೆಗೆದು, ಪಿಸುದನಿಯಲ್ಲಿ, "ಅತ್ತಿಗೆ, ಇದೊಂದ್ ನೋಡಿ" ಎಂದ. ಅಣ್ಣನ ಫೋಟೋಗಳು ಹಾಳಾಗದಿರಲಿ ಎಂದು ಅವನು ಎಲ್ಲವನ್ನೂ ತನ್ನ ಕಂಪ್ಯೂಟರಿಗೂ ಹಾಕಿಕೊಂಡಿದ್ದ. ಅದರಲ್ಲಿ ಮೆಣಸಿನಕಾಯಿಯ ಫೋಟೋ ಅವನಿಗೆ ಸಿಕ್ಕಿತ್ತು. ಬಣ್ಣ ತೆಗೆದು ಕಪ್ಪುಬಿಳುಪು ಮಾಡಿದ್ದ. ಹಣೆಯ ಕುಂಕುಮ ಕಾಣುತ್ತಿರಲಿಲ್ಲ. ವಾಲಿದ್ದನ್ನು ನೇರ ಮಾಡಿದ್ದ. ಬಾಣಲೆ ಹೋಗಿತ್ತು. ಮುಂಗೈಯ ಕೆಳಗೆ ಕತ್ತರಿಸಿ ಬಳೆಗಳನ್ನೂ ತೆಗೆದಿದ್ದ. ಕೆಳಗೆ ಪದಗಳು: ವಿಧವೆ, ಕಣ್ಣೀರು, ಬಡತನ, ಅಸಹಾಯಕ, ಭಾರತದ ಹಳ್ಳಿ.

"ಇಂಥವಕ್ಕೆ ಬಾರಿ ಡಿಮ್ಯಾಂಡು ಅತ್ತಿಗೆ. ನಿಮ್ಮ ಕೈಖರ್ಚಿಗಾದ್ರೂ ಆಯ್ತದೆ. ನೀವು ಊಂ ಅಂದ್ರೆ ನಾಳಿಕೇ ಆಕ್ಬುಡ್ತೀನಿ."

"ಇದ್ರಲ್ಲಿ ನಾನು ನಗ್ತಾವ್ನಿ ಕಣಪ್ಪ."

"ಅದು ನಿಮ್ಗೆ ಗೊತ್ತು. ನೋಡೋರ್ಗೆ ಎಂಗ್ ಗೊತ್ತಾಗ್ಬೇಕು?" ದನಿ ಇನ್ನೂ ತಗ್ಗಿಸಿ ಹೇಳಿದ, "ಅಲ್ದೆ ಈಗ ಎಂಗಿದ್ರೂ ನಿಜಾನೇ ಅಲ್ವಾ?"

ಆ ಮಾತಿಗೆ ಅವನ ಕಣ್ಣೇ ತುಂಬಿತು. ನನ್ನ ಕಣ್ಣು ತುಂಬಲಿಲ್ಲ. ಒಳಗೆ ನನ್ನ ಗಂಡ ಉಣ್ಣುತ್ತಿರುವ ಹೊತ್ತು, ನಾನು ದನಿ ಏರಿಸುವಂತಿರಲಿಲ್ಲ. ಬಾಯಿ ಬಿಗಿಹಿಡಿದು ಬಾಗಿಲನ್ನೇ ನೋಡುತ್ತಾ ಕೂತೆ. ಅತ್ತೆ ಕೆಮ್ಮಿ ಬಾಗಿಲು ತೆರೆದರು.

ಎಲ್ಲರೂ ಉಂಡ ಮೇಲೆ ಕಂಪ್ಯೂಟರ್ ಹಾಕಿದೆ. ಮೈದುನನನ್ನು ಕರೆದೆ. ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, "ಕಣ್ಮುಚ್ಕಳಿ ಅತ್ತೆ. ನಾನು ಒಂದು ಫೋಟೋ ಏಳ್ತೀನಿ, ಕಾಣ್ತಾ ಏಳಿ" ಎಂದೆ. ಮೊದಲು ಅವನ ಪದಗಳನ್ನು ಓದಿದೆ.

ಅತ್ತೆ ಕಣ್ಣು ಮುಚ್ಚಿಕೊಂಡೇ ಲೊಚಗುಟ್ಟಿದರು. "ಅಯ್ಯೋ ಪಾಪ. ಯಾರವ್ವಾ ಅವ್ಳು? ಯಾವೂರು?"

ಮೈದುನ ನೆಲ ನೋಡಿದ. ನಾನು ಹಳೆಯ ಫೋಟೋ ತೆರೆದೆ, ಬಣ್ಣದ್ದು, ವಾಲಿದ್ದು. ಇಷ್ಟು ದಿನ ಬಾರದಿದ್ದ ಪದಗಳು ಬಂದವು. ಹಿತ್ತಿಲಿನಲ್ಲಿ ಒಣಮೆಣಸಿನಕಾಯಿ ಹುರಿಯುವ ಹೊಗೆಗೆ ಕಣ್ಣೊರೆಸಿಕೊಂಡು ನಗುತ್ತಿರುವ ಹೆಂಗಸು. ಕಬ್ಬಿಣದ ಬಾಣಲೆ. ಸೌದೆ ಒಲೆ. ಹಸಿರು ಗಾಜಿನ ಬಳೆ. ಕುಂಕುಮ. ಬೆಳಗಿನ ಬಿಸಿಲು. ಸಾರಿನ ಪುಡಿ. ಸಂತೋಷ. ಬಂಡಳ್ಳಿ. ಒಂದೊಂದನ್ನೂ ಟೈಪು ಮಾಡುತ್ತಾ ಗಟ್ಟಿಯಾಗಿ ಹೇಳಿದೆ.

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಗಾಟು ಬಡೀತು ಕಣವ್ವಾ! ಬಾಣ್ಲಿ ಇಳ್ಸು!" ಆಮೇಲೆ, ಕಣ್ಣು ಬಿಡದೆ, "ಅವ್ನೆಲ್ಲಿ? ಸೀನ್ತಾ ಇದ್ನಲ್ಲಾ, ಅದ್ನೂ ಬರಿ."

ಕೈ ಕೀಲಿಗಳ ಮೇಲೆ ನಿಂತಿತು. ಫೋಟೋದಲ್ಲಿ ಇಲ್ಲದ್ದನ್ನು ಬರೆಯಕೂಡದು. ಅದೊಂದನ್ನು ಬರೆಯಲಿಲ್ಲ. ಆದರೆ ಆ ಸೀನಿಗೆ ಫೋಟೋ ವಾಲಿರುವುದನ್ನು ನೇರ ಮಾಡಲಿಲ್ಲ.

"ಇಂಗೆ ಆಕುದ್ರೆ ಯಾರೂ ತಕ್ಕಳಾಕಿಲ್ಲ ಅತ್ತಿಗೆ" ಎಂದ ಮೈದುನ, ಮೆಲ್ಲಗೆ.

"ತಕ್ಕಳ್ದೇ ಇದ್ರೆ ಬ್ಯಾಡ. ನನ್ನ ಬಳೆ ಒಂದ್ಸಲ ಒಡ್ದಾಗದೆ ಕಣಪ್ಪ. ಆವತ್ತು ನಾನು ಸುಮ್ನಿದ್ದೆ. ಎರಡ್ನೇ ಸಲ ಒಡೆಯಕ್ಕೆ ಬುಡಾಕಿಲ್ಲ, ನಿಂಗೂ ಬುಡಾಕಿಲ್ಲ, ಯಾರ್ಗೂ ಬುಡಾಕಿಲ್ಲ."

ಅವನು ಫೋನು ತೆಗೆದು ತನ್ನ ಕಪ್ಪುಬಿಳುಪು ಫೋಟೋವನ್ನು ನನ್ನ ಕಣ್ಣೆದುರಿಗೇ ಅಳಿಸಿದ. ಕಂಪ್ಯೂಟರಿನಲ್ಲಿದ್ದದ್ದನ್ನೂ ಊರಿಗೆ ಹೋಗಿ ಅಳಿಸಿದೆನೆಂದು ಫೋನು ಮಾಡಿ ಹೇಳಿದ. ಈಗಲೂ ಹಬ್ಬ ಹುಣ್ಣಿಮೆಗೆ ಬರುತ್ತಾನೆ. ಅಣ್ಣನ ಹಾಗೇ ನಿಮಗೂ ವ್ಯಾಪಾರ ಗೊತ್ತಿಲ್ಲ ಎಂದು ರೇಗಿಸುತ್ತಾನೆ. ಗೊತ್ತಿಲ್ಲ ಎಂದು ನಾನೂ ಒಪ್ಪುತ್ತೇನೆ.

ಆ ಫೋಟೋವನ್ನು ಇಂದಿನವರೆಗೆ ಯಾರೂ ಕೊಂಡಿಲ್ಲ. ನಾನು ದಿನಾ ಕೂತು ಉಳಿದವಕ್ಕೆ ಪದ ಬರೆಯುತ್ತೇನೆ, ಅತ್ತೆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೇಳುತ್ತಾರೆ, ಕೆಲವು ಸಲ ಹಾಗೇ ನಿದ್ದೆ ಹೋಗುತ್ತಾರೆ. ಎಲ್ಲೋ ಕುಳಿತ ಯಾರಾದರೂ ಒಣಮೆಣಸಿನಕಾಯಿ, ಹಸಿರು ಬಳೆ, ನಗು ಎಂದು ಹುಡುಕಿದರೆ ನಾನು ಅಲ್ಲಿದ್ದೇನೆ. ಅಳುವ ವಿಧವೆಯನ್ನು ಹುಡುಕಿದರೆ ಸಿಗುವುದಿಲ್ಲ.