ತಟ್ಟಿದ ಸದ್ದಿಗೇ ಓಡಿದ ಇಲಿಗಳು

ಅಕ್ಕನ ಎಡಗೈ ಹೆಬ್ಬೆರಳಿನ ಮೇಲೆ ಇಲಿಯ ಹಲ್ಲು ಊರಿದ ಎರಡು ಕಲೆಗಳಿದ್ದವು. ಕಚ್ಚಿದ ಇಲಿಯ ಮೇಲೆ ಅವರಿಗೆ ಸಿಟ್ಟೇ ಇರಲಿಲ್ಲ. "ಎದ್ರಿಕಂಡಿತ್ತು ಕಣವ್ವ, ಇನ್ನೇನ್ ಮಾಡ್ತದೆ ಪಾಪ" ಎನ್ನುತ್ತಿದ್ದರು.

ಹುಣಸೂರಿನ ಹೊರವಲಯದ ಔಷಧ ಕಾಲೇಜಿನಲ್ಲಿ ನಾನು ಪಿಎಚ್.ಡಿ. ಮಾಡುವಾಗ ಅಲ್ಲಿನ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುತ್ತಿದ್ದವರು ಅವರು; ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಹಂಪಾಪುರದಿಂದ ಎರಡು ಬಸ್ಸು ಬದಲಿಸಿ ಬಂದು, ಪಂಜರ ತೊಳೆದು, ಭತ್ತದ ಹೊಟ್ಟು ಹಾಸುತ್ತಿದ್ದರು. ಮುಚ್ಚಳ ತೆಗೆಯುವ ಮುಂಚೆ ಬೆರಳಿನಿಂದ ಮೂರು ಸಲ ತಟ್ಟುವುದು ಅವರ ರೂಢಿ. ದನ ಬೆದರದಿರಲೆಂದು ಕೊಟ್ಟಿಗೆಯ ಬಾಗಿಲು ತಟ್ಟಿಯೇ ಒಳಗೆ ಹೋಗುವ ಮನೆಯಲ್ಲಿ ಬೆಳೆದವರು.

ನಮ್ಮ ಕೆಲಸ ಇಷ್ಟು: ಅರ್ಧ ಇಲಿಗಳಿಗೆ ದಿನವೂ ಉತ್ತೇಜಕ ಮದ್ದು, ಉಳಿದವಕ್ಕೆ ಬರೀ ಉಪ್ಪುನೀರು. ಚುಚ್ಚುವ ಹೊತ್ತಿಗೆ ಪಂಜರ ತಟ್ಟಿ ತೆರೆದುಕೊಡುತ್ತಿದ್ದವರು ಅಕ್ಕನೇ. ಮದ್ದು ಬಿದ್ದರೆ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಏರುತ್ತದೆ, ಇಲಿ ನಿಲ್ಲದೆ ಓಡುತ್ತದೆ. ಕೊನೆಯ ದಿನ ಎಲ್ಲಕ್ಕೂ ಉಪ್ಪುನೀರನ್ನೇ ಚುಚ್ಚಿದೆವು. ಮದ್ದಿನ ಗುಂಪು ಆಗಲೂ ಓಡಿತು, ಡೋಪಮಿನ್ ಕೂಡ ಏರಿತ್ತು.

ನನ್ನ ಸಂಶೋಧನೆಯ ಗೈಡ್ ನೇರ ಅಕ್ಕನ ಮೇಲೆ ಬಿದ್ದರು. "ಉಪ್ಪುನೀರಿನ ಒಂದು ಬಾಟಲಿಗೆ ಮದ್ದು ತುಂಬಿಸಿಟ್ಟಿದ್ದೀಯ. ಹೀಗೆ ಕದ್ದು ಎಲ್ಲಿಗೆ ಸಾಗಿಸ್ತಿದ್ದೀಯ?"

"ಮುಟ್ಟಿಲ್ಲ ಸಾ. ನಾನು ತಟ್ಟಿದ್ ಸದ್ದಿಗೇ ಓಡ್ತವೆ ಅವು. ಸೂಜಿ ಚುಚ್ಚೋಕ್ ಮುಂಚೇನೇ ಸುರು ಮಾಡ್ತವೆ, ದಿನಾ ನೋಡಿವ್ನಿ."

"ನನಗೇ ಪಾಠ ಹೇಳ್ತೀಯಾ?" ಎಂದು ಗದರಿ ಅವತ್ತೇ ಕೆಲಸದಿಂದ ತೆಗೆದರು. ಮದ್ದಿನ ಬೀರುವಿನ ಬೀಗದ ಕೈ ಇದ್ದದ್ದು ನನ್ನ ಬಳಿ. ಸಿರಿಂಜು ತುಂಬಿದ್ದೂ ನಾನೇ. ಅಕ್ಕ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ಮುಂದೆ ಹೊಸ ಇಲಿಗಳನ್ನು ತರಿಸಿ, ದಿನವೂ ಪಂಜರ ತಟ್ಟಿ ಮದ್ದು ಚುಚ್ಚಿಸಿ, ಕೊನೆಗೆ ಬರೀ ತಟ್ಟಿ ನೋಡಿದವರು ಅದೇ ಗೈಡ್. ಅಕ್ಕ ಹೇಳಿದ್ದೇ ಸರಿಯಾಗಿತ್ತು. ಮದ್ದಿನ ಜೊತೆ ಬರುವ ಸದ್ದನ್ನು ಕಲಿತ ಮಿದುಳು ಮದ್ದಿಲ್ಲದೆಯೂ ಡೋಪಮಿನ್ ಸುರಿಸುತ್ತದೆ. ಪುಸ್ತಕಗಳಲ್ಲಿ ಆಗಲೇ ಇದ್ದ ಸಂಗತಿ. ಓದಬೇಕಾದವರು ಓದಿರಲಿಲ್ಲ, ನೆಲ ಒರೆಸುವವರು ಕಣ್ಣಾರೆ ಕಂಡಿದ್ದರು. ಗೈಡ್ ಮಹಾಶಯರು ಅದರ ಮೇಲೆ ಭಾಷಣ ಬಿಗಿದು ಶಾಲು ಹೊದ್ದರು. ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಇಲಿಗಳ ಆಹಾರ ಮಾರುವವನ ಹೆಸರಿದೆ, ಅಕ್ಕನದಿಲ್ಲ. ಬೇಡ ಎಂದವರು ಗೈಡ್, ಹೂಂ ಎಂದವಳು ನಾನು.

ಪದವಿ ಬಂದ ಮೇಲೆ ಹಂಪಾಪುರಕ್ಕೆ ಹೋದೆ. ಮದ್ದು ಕದ್ದವಳೆಂಬ ಹೆಸರು ಊರಿಗೂ ಬಂದು, ಶಾಲೆಯ ಅಡುಗೆ ಕೆಲಸ ಕೈತಪ್ಪಿತ್ತು. ಅಕ್ಕ ಒಳಗೆ ಕರೆದು ಮಜ್ಜಿಗೆ ಕೊಟ್ಟರು. "ನೀವು ಹೇಳಿದ್ದೇ ನಿಜ ಅಕ್ಕ" ಎಂದೆ.

"ನಿಜ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣವ್ವ. ನಂಗ್ಯಾಕ್ ಹೇಳ್ತೀಯ? ಬೀದೀಲಿ ನಿಂತ್ಕಂಡು ಹೇಳು."

ಬೀದಿಯಲ್ಲಿ ಜನರಿದ್ದರು. ನಾನು ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದೆ.

ಅಕ್ಕ ಹೋದ ವರ್ಷ ತೀರಿಕೊಂಡರು. ಅವರು ಏನನ್ನೂ ಕದ್ದಿರಲಿಲ್ಲ. ಅವರು ಕಂಡುಕೊಂಡದ್ದನ್ನು ಕದ್ದವರು ನಾವು.